ಸಿಗದ ಗಿಡಕ್ಕೆ ನೀರು ಹಾಕುವ ಬಗ್ಗೆ

ಒಣಗಿಡ ಸಂಗ್ರಹಾಲಯ
ಸುತ್ತೋಲೆ ಸಂಖ್ಯೆ: ಒಗಸಂ/ಹಾಳೆ/212/ತುರ್ತು

ವಿಷಯ: ಕಾಡುಶುಂಠಿ ಕುಲದ ಹೊಸ ಹೆಸರಿಗೆ ಮೂಲ ಮಾದರಿ ಗೊತ್ತುಪಡಿಸಿರುವ ಬಗ್ಗೆ.

ಉಲ್ಲೇಖ: ಹಾಳೆಗೆ ಒಣಗಿಡ ಅಂಟಿಸುವ ನೌಕರರೊಬ್ಬರು ಮುಖ್ಯಸ್ಥರ ಮೇಜು ಕುಟ್ಟಿ ಆಡಿದ ಮಾತು: "ಇಲ್ಲದ ಗಿಡಕ್ಕೆ ನಿಮ್ಮ ಮಾವನ ಹೆಸರಿಟ್ಟಿದ್ದೀರಲ್ಲ ಸಾರ್. ಎಲೆ ಒಂದರದ್ದು, ಹೂವು ಇನ್ನೊಂದರದ್ದು. ತಪ್ಪಾಗಿ ಅಂಟಿಸಿದ ಕೈ ಇದೇ, ಬೇಕಾದ್ರೆ ಕತ್ತರಿಸಿ."

ಹೆಸರು ಯಾವ ಗಿಡದ್ದೆಂಬ ತಕರಾರು ಬಾರದಂತೆ ತೆಗೆದಿಡುವ ಒಣಗಿಡದ ಹಾಳೆಯೇ ಮೂಲ ಮಾದರಿ. 212ನೇ ಹಾಳೆಯಲ್ಲಿ ಯಾರೂ ಕಾಣದ ಗಿಡವನ್ನು ಮುಖ್ಯಸ್ಥರು ಕಂಡುಹಿಡಿದು, ಪುಸ್ತಕವನ್ನೂ ಅಚ್ಚು ಹಾಕಿಸಿರುತ್ತಾರೆ. ಈ ಕುಲದಲ್ಲಿ ಹೂವು ಎಲೆಯಿಂದ ದೂರ, ನೆಲದಿಂದಲೇ ಏಳುವುದರಿಂದ ಇಪ್ಪತ್ತಾರು ವರ್ಷದ ಹಿಂದೆ ಅಂಟಿಸುವಾಗ ಎರಡು ಗಿಡಗಳ ಹೂವು ತಮ್ಮಿಂದ ಅದಲುಬದಲಾಯಿತೆಂದು ಸದರಿ ನೌಕರರು ಒಪ್ಪಿ, ನಿವೃತ್ತಿಗೆ ಮುಂಚೆ ಹಾಳೆಗೆ ತಿದ್ದುಪಡಿ ಚೀಟಿ ಅಂಟಿಸಲು ಅನುಮತಿ ಕೋರಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಪದ್ಧತಿ ಈ ಕಚೇರಿಯಲ್ಲಿಲ್ಲ. ಅನುಮತಿ ನಿರಾಕರಿಸಲಾಗಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಸದರಿ ಗಿಡ ಎಲ್ಲಿಯೂ ಸಿಗದಿರುವುದನ್ನು ಅದು ಅತ್ಯಂತ ಅಪರೂಪವೆಂಬುದಕ್ಕೆ ಪುರಾವೆಯಾಗಿ ಪರಿಗಣಿಸತಕ್ಕದ್ದು.

2. ತೋಟದಲ್ಲಿ ಅದಕ್ಕೊಂದು ಪಾತಿ ಬಿಟ್ಟು, ಬೇಲಿ ಹಾಕಿ, ದಿನಕ್ಕೆರಡು ಬಾರಿ ನೀರುಣಿಸತಕ್ಕದ್ದು. ಪಾತಿಯಲ್ಲಿ ಬೇರೆ ಏನಾದರೂ ಚಿಗುರಿದಲ್ಲಿ ಅದು ಅತಿಕ್ರಮಣ.

3. ಪಾತಿ ಖಾಲಿಯಿದೆ ಎನ್ನುವ ಸಂದರ್ಶಕರಿಗೆ "ಇದು ಹೂ ಬಿಡುವ ಕಾಲವಲ್ಲ" ಎಂದು ತಿಳಿಸುವುದು. ಎಲೆಯ ಬಗ್ಗೆ ಕೇಳಿದರೆ ಕಾವಲುಗಾರರು ಊಟಕ್ಕೆ ಹೋಗತಕ್ಕದ್ದು.

4. ಮುಖ್ಯಸ್ಥರ ಮಾವನವರು ಭಾನುವಾರ ತಮ್ಮ ಗಿಡ ನೋಡಲು ಬರಲಿದ್ದಾರೆ. ಅವರಿಗೆ ದೃಷ್ಟಿ ಮಂದವಾಗಿರುವುದನ್ನು ಇಲಾಖೆಯು ಕೃತಜ್ಞತೆಯಿಂದ ದಾಖಲಿಸುತ್ತದೆ.

5. ಅನುಮತಿ ನಿರಾಕರಿಸಿದ ದಿನ ಸದರಿ ನೌಕರರು ಅರ್ಧ ಗಂಟೆ ತಮ್ಮ ಮೇಜಿನಲ್ಲಿ ಕೆಲಸ ಮಾಡಿ, ಅಂಟಿನ ಕುಂಚ ತೊಳೆದಿಟ್ಟು, "ನಿಮ್ಮ ಸಹವಾಸ ಸಾಕು" ಎಂದು ಹೊರಗೆ ಹೋದವರು ಹನ್ನೊಂದು ದಿನವಾದರೂ ಹಿಂದಿರುಗಿರುವುದಿಲ್ಲ. ಕುರ್ಚಿಯ ಮೇಲೆ ಬಿಟ್ಟುಹೋದ ಸ್ವೆಟರನ್ನು ಅವರ ಮೂಲ ಮಾದರಿಯೆಂದು ಗೊತ್ತುಪಡಿಸಿ, ದಿನವೂ ಹಾಜರಿ ಹಾಕತಕ್ಕದ್ದು.

ಸಹಿ/-
(ಮುಖ್ಯಸ್ಥರ ಪರವಾಗಿ)

ಪ್ರತಿಗಳು:
ತೋಟದ ಮೇಲ್ವಿಚಾರಕರಿಗೆ, ನೀರಿನ ಸಲುವಾಗಿ.
ಮುಖ್ಯಸ್ಥರ ಮಾವನವರಿಗೆ (4ನೇ ಅಂಶ ಹೊರತುಪಡಿಸಿ).
ಸದರಿ ನೌಕರರಿಗೆ (ಸ್ವೆಟರಿನ ಜೇಬಿನಲ್ಲಿಡಲಾಗಿದೆ).
212ನೇ ಹಾಳೆಯ ಕಡತಕ್ಕೆ. ಷರಾ: ಹಾಳೆಯ ಮೇಲೆ ಚೀಟಿಯೊಂದು ಕಂಡುಬಂದಿದ್ದು, "ಹೂವು ಇದರದ್ದಲ್ಲ, ತಪ್ಪು ನನ್ನದು" ಎಂದಿದೆ. ಕೀಳಲು ಪ್ರಯತ್ನಿಸಲಾಯಿತು. ಚೀಟಿಯ ಜೊತೆ ಹೂವೂ ಎದ್ದು ಬರುವುದರಿಂದ ಕೈಬಿಡಲಾಗಿದೆ.