ಒಳ್ಳೆ ಆಡಳಿತಕ್ಕೆ ಎಷ್ಟು ಮಾರ್ಕ್ಸು?

ಸರ್ಕಾರಿ ನಿಗಮಗಳಲ್ಲಿ ಆಡಳಿತ ನೆಟ್ಟಗಿದೆಯೇ ಎಂದು ನೋಡಿ ಅಂಕ ಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಏನಾದರೊಂದು ಇದ್ದೇ ಇರುತ್ತದೆ. ಅಲ್ಲಿ ನಗು ಬರುತ್ತದೆ, ಮನೆಗೆ ಬಂದ ಮೇಲೆ ಮೈ ಉರಿಯುತ್ತದೆ. ಚಾಮರಾಜನಗರದ ಒಂದು ನಿಗಮದ್ದಂತೂ ಕೇಳಲೇಬೇಡಿ. ಅಂಕ ಚೆನ್ನಾಗಿ ಬಂದರೆ ಅಲ್ಲಿನ ಮ್ಯಾನೇಜರಿಗೆ ಬಡ್ತಿ. ಅದಕ್ಕೇ ಆ ಮನುಷ್ಯ ನಾನು ಬಸ್ಸಿಳಿದಾಗಿನಿಂದ ನನ್ನ ಬ್ಯಾಗನ್ನು ತಾನೇ ಹೊತ್ತುಕೊಂಡು ತಿರುಗಿದ.

ಸ್ವತಂತ್ರ ನಿರ್ದೇಶಕ

ಆಡಳಿತ ಮಂಡಳಿಯಲ್ಲಿ ಯಾರ ಹಂಗೂ ಇಲ್ಲದ ಒಬ್ಬ ಸ್ವತಂತ್ರ ನಿರ್ದೇಶಕ ಇರಬೇಕು. "ಯಾರವರು?" ಎಂದು ಅಧ್ಯಕ್ಷರನ್ನು ಕೇಳಿದೆ. ಅಧ್ಯಕ್ಷರು ಕುದೇರು ಕಡೆಯವರು, ಬಿಳಿ ಪಂಚೆ, ದೊಡ್ಡ ಗಂಟಲು. ಪಕ್ಕದ ಕುರ್ಚಿಯಲ್ಲಿ ಗೋಡಂಬಿ ಮೇಯುತ್ತಿದ್ದವರನ್ನು ತೋರಿಸಿದರು. ಮುಖ ಅಚ್ಚು ಇವರದೇ!

"ನಿಮ್ಮ ತಮ್ಮನಾ?"

"ಊಂ ಕಣ್ ಮೇಡಮ್ಮೋರೆ, ಒಡಹುಟ್ಟಿದವ್ನೇಯ."

"ಮತ್ತೆ ಸ್ವತಂತ್ರ ಹೇಗಾಗ್ತಾರೆ?"

"ಅಯ್ಯೋ, ಓದ್ವರ್ಸನೇ ಭಾಗ ಆಗೋಯ್ತಲ್ಲಾ! ಅವನ ಒಲೆ ಬ್ಯಾರೆ, ನನ್ನ ಒಲೆ ಬ್ಯಾರೆ. ಇನ್ನೆಂಗೆ ಸ್ವತಂತ್ರ ಆಗ್ಬೇಕು?"

ಒಂದಂಕ ಕಮ್ಮಿ

ಮಂಡಳಿಯವರು ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕಿಕೊಳ್ಳಬೇಕೆಂಬ ನಿಯಮವೂ ಇದೆ. ವರ್ಷವಿಡೀ ಸಭೆಗೆ ಬಂದು, ಬೋಂಡ ತಿಂದು, ಸಹಿ ಹಾಕಿ ಹೋದ ಈ ಮಹಾನುಭಾವರೆಲ್ಲ ನೂರಕ್ಕೆ ನೂರು ಕೊಟ್ಟುಕೊಂಡಿದ್ದರು. ಒಬ್ಬ ಹಿರಿಯ ಸದಸ್ಯೆ ಮಾತ್ರ ತೊಂಬತ್ತೊಂಬತ್ತು. ಸದ್ಯ, ಒಬ್ಬರಿಗಾದರೂ ಮನಸ್ಸಾಕ್ಷಿ ಇದೆಯಲ್ಲ ಎಂದು ಖುಷಿಯಾಗಿ, "ಎಲ್ಲಿ ಕೊರತೆ ಕಂಡಿತಮ್ಮಾ?" ಎಂದೆ.

"ಕೊರತೆಯಾ? ಬುಡ್ತು ಅನ್ನವ್ವಾ! ಪೂರಾ ನೂರು ಹಾಕ್ಬುಟ್ರೆ ದೃಷ್ಟಿ ತಗಲಾಕಿಲ್ವಾ?"

ರಕ್ಷಣೆ

ಕೊನೆಗೆ ಗುಂಡ್ಲುಪೇಟೆ ಶಾಖೆ. ಅಷ್ಟರಲ್ಲಿ ಅಂಕಪಟ್ಟಿ ಬೋಳಾಗಿ, ಮ್ಯಾನೇಜರ ಬಡ್ತಿ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು: ಅಕ್ರಮದ ಬಗ್ಗೆ ದೂರು ಕೊಟ್ಟ ನೌಕರನಿಗೆ ರಕ್ಷಣೆ ಕೊಟ್ಟಿದ್ದೀರಾ?

ಮ್ಯಾನೇಜರ ಮುಖ ಅರಳಿತು. "ಕೊಟ್ಟಿದೀವಿ ಮೇಡಂ! ನಾನು ನಿಗಮದ ಜೀಪಲ್ಲಿ ಮನೆಯವರನ್ನೆಲ್ಲ ಊಟಿಗೆ ಕರ್ಕೊಂಡು ಹೋಗ್ತೀನಿ ಅಂತ ಇಲ್ಲಿನ ವಾಚ್‌ಮನ್ ದೂರು ಬರೆದಿದ್ದ."

"ಹೋಗಿದ್ದು ನಿಜವಾ?"

"ನಿಜಾನೇ ಮೇಡಂ. ಆದ್ರೂ ಅವನ ಸಂಬಳ ಮುಟ್ಟಿಲ್ಲ, ಕೆಲಸ ತೆಗೆದಿಲ್ಲ."

"ಈಗೆಲ್ಲಿದ್ದಾನೆ?"

"ಹಂಗಳದ ಆಚೆ, ಗೋಪಾಲಸ್ವಾಮಿ ಬೆಟ್ಟದ ಕಡೆ, ಕಾಡಂಚಲ್ಲಿ ನಮ್ಮದೊಂದು ಪಾಳು ಗೋಡೌನ್ ಇದೆ. ಅದನ್ನ ಕಾಯೋಕೆ ಹಾಕಿದೀವಿ."

"ಒಬ್ಬನನ್ನೇ?"

"ಒಬ್ಬನನ್ನೇ."

ನಿಜ ಹೇಳಿದ ಮನುಷ್ಯನನ್ನು ಖಾಲಿ ಗೋಡೌನ್ ಕಾಯಲು ಕಾಡಿಗೆ ತಳ್ಳಿ, ಅದಕ್ಕೆ ಅಂಕ ಬೇರೆ ಕೇಳುತ್ತಾನಲ್ಲ! ಸಿಟ್ಟು ನೆತ್ತಿಗೇರಿತು. ಅವನ ಕಣ್ಣೆದುರಿಗೇ ದಪ್ಪಗೆ ಸೊನ್ನೆ ಬರೆದೆ.

ಮ್ಯಾನೇಜರು ಅಳುವುದೊಂದು ಬಾಕಿ. "ಅನ್ಯಾಯ ಮೇಡಂ! ಇದಕ್ಕಿಂತ ರಕ್ಷಣೆ ಇನ್ನೇನು ಬೇಕು? ಅಲ್ಲಿ ಆನೆ ಬಿಟ್ರೆ ಒಬ್ಬರೂ ಅವನ ತಂಟೆಗೆ ಹೋಗಲ್ಲ!"