ಸಾವ್ಕಾರರ ಟವೆಲ್ಲು, ಸರಿದ ವಿಕೆಟ್ಟು

ನೇರ ಎದುರಿಗೆ ನಿಲ್ಲಬೇಕಾದ ಮೂರು ವಿಕೆಟ್ಟುಗಳು ಮಹಾಂತಪ್ಪನವರಿಗೆ ಬಲಗಿವಿಯ ಹತ್ತಿರ ಕಂಡವು. ಚೆಂಡೂ ಅತ್ತಲಿಂದಲೇ ಬಂತು. ಅವರು ಅತ್ತಲೇ ಬೀಸಿದರು. ಕೈಯಲ್ಲಿದ್ದ ಆಟದ ಹಿಡಿಕೆ ಟೇಬಲ್ ಫ್ಯಾನಿಗೆ ಬಡಿದು, ಫ್ಯಾನು ಊಟಕ್ಕೆ ಕರೆಯದ ಬೀಗರ ಹಾಗೆ ಗೋಡೆಗೆ ಮುಖ ತಿರುಗಿಸಿ ನಿಂತಿತು.

"ಏನೋ ಪರಶು, ಎಲ್ಲಿಂದ ತಂದೀಯೋ ಈ ಸೊಟ್ಟ ಯಂತ್ರಾ? ಡುಪ್ಲಿಕೇಟ್ ಮಾಲ್ ಇಟ್ಟು ಊರಿಗೆ ಟೋಪಿ ಹಾಕಾಕತ್ತಿ ಏನ?"

ಮಹಾಂತಪ್ಪ ಹೆಡ್‌ಸೆಟ್ ಕಳಚಿ ಮೇಜಿನ ಮೇಲಿಟ್ಟರು. ಅದಕ್ಕೂ ಹಣೆಗೂ ನಡುವೆ ಮಡಚಿ ಇಟ್ಟುಕೊಂಡಿದ್ದ ಟವೆಲ್ಲನ್ನು ಎರಡು ಸಲ ಕೊಡವಿ ಹೆಗಲಿಗೆ ಹಾಕಿಕೊಂಡರು.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸಾಲಿನ ಮಳಿಗೆಗಳೆಲ್ಲ ಅವರವೇ. ಊರಾಚೆಯ ಕೇರಿಯವನೊಬ್ಬನಿಗೆ ಅಲ್ಲಿ ಮೊದಲ ಸಲ ಬಾಗಿಲು ತೆರೆದದ್ದು, ಕಣ್ಣಿಗೆ ಯಂತ್ರ ಕಟ್ಟಿಕೊಂಡು ಆಡುವ ಪರಶುವಿನ ಈ ವಿಆರ್ ಆಟದ ಅಂಗಡಿಯಿಂದಲೇ. ಅದರ ಕರಾರು ಇವತ್ತಿಗೆ ಮುಗಿಯುತ್ತಿತ್ತು.

"ಸಂಜಿಮಟಾ ನೋಡತೇನಿ. ನಟ್ಟನಡುವ ಕಂಡ್ರ ಮಳಿಗಿ ನಿಂದು. ಇಲ್ಲಂದ್ರ ಅಂದಾನೆಪ್ಪ ಕೇಳಾಕತ್ತಾನ," ಎಂದು ಅವರು ಹೊರಟರು.

ಅಂದಾನೆಪ್ಪ ಪಕ್ಕದ ಸೋಡಾ ಅಂಗಡಿಯವನು. ನಡುಗೋಡೆ ಒಡೆದು ಎರಡನ್ನೂ ಒಂದು ಮಾಡಬೇಕೆಂಬ ಕನಸು ಅವನಿಗೆ ಹಗಲಲ್ಲೇ ಬೀಳುತ್ತಿತ್ತು. ಸಾವ್ಕಾರರು ಹೋದದ್ದೇ ತಡ, ಅವನು ಒಳಬಂದ.

"ಪರಶು, ಖುರ್ಚಿ ದಕ್ಷಿಣಕ್ಕ ಮುಖ ಮಾಡೇತಲ್ಲೋ. ಚಿತ್ರ ಸರೀಲಾರದ ಏನ ಮಾಡತೈತಿ? ತಾ ಇಲ್ಲೆ, ನಾನೂ ನೋಡತೇನಿ." ಕರ್ಚೀಫು ಮಡಚಿ ಹಣೆಗಿಟ್ಟು, ಅದರ ಮೇಲೆ ಹೆಡ್‌ಸೆಟ್ ಏರಿಸಿ, "ಅಯ್ಯಯ್ಯ, ನನಗೂ ಬಲಕ್ಕ ಸರದೈತಿ!" ಎಂದು ಲಗ್ನ ಗೊತ್ತಾದವನ ಹಾಗೆ ಹಿಗ್ಗಿದ.

ಪರಶುವಿಗೆ ಆ ಹಿಗ್ಗು ಗಂಟಲಲ್ಲಿ ಮೀನಿನ ಮುಳ್ಳಾಯಿತು. ಇವನೇ ಏನೋ ಮಾಡಿದ್ದಾನೆ.

"ಕಾಕಾ, ನಿನ್ನಿ ನಾ ಊಟಕ್ಕ ಹೋದಾಗ ಅಂಗಡ್ಯಾಗ ಯಾರರ ಬಂದಿದ್ರೇನ್ರಿ?"

"ಅಂದ್ರ? ನಾ ಕಳ್ಳ ಅಂತಿ ಏನ?"

"ನಾ ಹೆಸರ ಎಲ್ಲಿ ತಗೊಂಡ್ನಿರಿ?"

ಅಂದಾನೆಪ್ಪ ಬುಸುಗುಡುತ್ತ ಹೋದ. ಪರಶು ಗಾಜು ಒರೆಸಿದ, ಪಟ್ಟಿ ಬಿಗಿದ, ಯಂತ್ರ ಆರಿಸಿ ಮತ್ತೆ ಹಚ್ಚಿದ. ತಾನು ಹಾಕಿಕೊಂಡರೆ ವಿಕೆಟ್ಟು ಶಿಸ್ತಿನ ಪೊಲೀಸರಂತೆ ಎದುರೇ ನಿಂತಿತ್ತು. ಬುತ್ತಿ ತಂದ ತಂಗಿ ದುರ್ಗಾಳಿಗೂ ಹಾಕಿಸಿದ.

"ಬರೋಬ್ಬರಿ ನಡುವ ಐತಲ್ಲೋ ಅಣ್ಣಾ."

"ಹಂಗಾರ ಅವರಿಬ್ಬರೂ ಕೂಡಿ ಸುಳ್ಳ ಹೇಳಾಕತ್ತಾರ!"

"ಸುಳ್ಳ ಹೇಳಾಕ ಫ್ಯಾನ್ ಯಾಕ ಒಡೀತಾರೋ?"

ಅಷ್ಟರಲ್ಲಿ ಹೊರಗೆ ಮಹಾಂತಪ್ಪ ಎಪಿಎಂಸಿಗೆ ಹೋಗಲೆಂದು ಅಂದಾನೆಪ್ಪನ ಬೈಕು ಕೇಳಿ ಪಡೆದರು. ಅವನ ಹೆಲ್ಮೆಟ್ಟನ್ನೂ ಹಾಕಿಕೊಂಡರು. ಆ ಹೆಲ್ಮೆಟ್ಟಿನ ನಾತಕ್ಕೆ ಓಣಿಯ ನಾಯಿಗಳೇ ದೂರ ನಿಲ್ಲುತ್ತಿದ್ದವು. ಮಹಾಂತಪ್ಪ ಮಾತ್ರ ಬರಿ ತಲೆಯ ಮೇಲೆ ಏರಿಸಿದರು. ಟವೆಲ್ಲು ಹೆಗಲ ಮೇಲೆಯೇ ಇತ್ತು.

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

ಪರಶು ಬುತ್ತಿಯ ಬಟ್ಟೆಯನ್ನು ಸಾವ್ಕಾರರ ಹಾಗೆಯೇ ಮಡಚಿ ಹಣೆಗಿಟ್ಟ. ಮಡಿಕೆ ಎಡಕ್ಕೆ ದಪ್ಪ. ಹೆಡ್‌ಸೆಟ್ ಓರೆಯಾಯಿತು, ವಿಕೆಟ್ಟು ಬಲಗಿವಿಗೆ ಹೋಗಿ ನಿಂತಿತು.

"ಟವೆಲ್ಲ ತಗೀರಿ ಅಂತ ಮಾರಿ ಮ್ಯಾಲ ಹೇಳು," ಎಂದಳು ದುರ್ಗಾ.

"ಹೇಳಿದ್ರ ಮಳಿಗಿ ಉಳೀತೈತೇನ? ಅವರಂತೂ ಸರಿಯೂದಿಲ್ಲ. ಚಿತ್ರನ ಸರಸತೇನಿ."

ಅಣ್ಣ ತಂಗಿಯ ಮುತ್ತಯ್ಯ ಸಾವ್ಕಾರರ ಮನೆಯವರಿಗಾಗಿ ಹಾದಿ ಬಿಟ್ಟು ಸರಿದಿದ್ದ, ಅಪ್ಪ ಕಟ್ಟೆ ಬಿಟ್ಟು ಸರಿದಿದ್ದ. ಪರಶು ಸೆಟ್ಟಿಂಗಿಗೆ ಹೋಗಿ, ಟವೆಲ್ಲಿನ ದಪ್ಪ ಎಷ್ಟೋ ಅಷ್ಟು, ಇಡೀ ಮೈದಾನವನ್ನೇ ಎಡಕ್ಕೆ ಸರಿಸಿದ. ಮಡಿಕೆ ಇಟ್ಟು ನೋಡಿದ. ನಟ್ಟನಡುವೆ!

ಸಂಜೆ ಮಹಾಂತಪ್ಪ ಇಸ್ತ್ರಿ ಅಂಗಿಯಲ್ಲಿ ಬಂದರು. ಪುರಸಭೆ ಚುನಾವಣೆ ಹತ್ತಿರವಿತ್ತು. ಅಂದಾನೆಪ್ಪ ಅವರ ಎಡಗಡೆ ನಿಂತು ಮೊಬೈಲ್ ಹಿಡಿದು ಲೈವ್ ಶುರು ಮಾಡಿದ. ಸಾವ್ಕಾರರು ಟವೆಲ್ಲನ್ನು ಹೆಗಲಿನಿಂದ ತೆಗೆದರು. ಇನ್ನೇನು ಹಣೆಗಿಡುತ್ತಾರೆಂದು ಪರಶುವಿನ ಜೀವ ತಂಪಾಯಿತು.

ಅವರು ಅದನ್ನು ಮೊಬೈಲಿಗೆ ಎತ್ತಿ ತೋರಿಸಿ, ದೂರ ಬಿಸಾಕಿದರು.

"ಬಂಧುಗಳ, ನಮ್ಮೊಳಗ ಭೇದಭಾವ ಎಲ್ಲೈತಿ? ಪರಶು ಹಾಕ್ಕೊಂಡದ್ದನ್ನ ನಾ ಬರೇ ಹಣಿಮ್ಯಾಲ ಹಾಕ್ಕೋತೇನಿ!"

"ಸಾವ್ಕಾರ್ರ!" ಪರಶು ಟವೆಲ್ಲು ಎತ್ತಿಕೊಂಡು ಓಡಿಬಂದ. "ಬ್ಯಾಡ್ರಿ! ಟವೆಲ್ಲ ಇಟ್ಕೋರಿ! ನಿಮ್ಮ ಕಾಲ ಬೀಳತೇನಿ, ಟವೆಲ್ಲ ಇಟ್ಕೊಂಡ ಹಾಕ್ಕೋರಿ!"

ಮಹಾಂತಪ್ಪ ಕಣ್ಣಲ್ಲಿ ನೀರು ತಂದುಕೊಂಡರು. "ನೋಡ್ರಿ. ನಾವು ಬಿಟ್ರೂ ಇವರ ಬಿಡವಲ್ಲರು."

ಹೆಡ್‌ಸೆಟ್ ಏರಿತು. ವಿಕೆಟ್ಟು ಈಗ ಎಡಗಿವಿಯ ಹತ್ತಿರ. ಚೆಂಡು ಅತ್ತಲಿಂದ ಬಂತು, ಸಾವ್ಕಾರರು ಅತ್ತಲೇ ಬೀಸಿದರು. ಅಂದಾನೆಪ್ಪನ ಮೂಗು ಸೋಡಾ ಬಾಟ್ಲಿಯ ಹಾಗೆ ಸದ್ದು ಮಾಡಿತು. ಮೊಬೈಲು ನೆಲಕ್ಕೆ ಬಿದ್ದು ಆರಿತು.

ಕತ್ತಲಾಗುವಷ್ಟರಲ್ಲಿ ಆ ವಿಡಿಯೊ ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಸುತ್ತಿ ಬಂದಿತ್ತು. 'ಸಮಾನತೆಯ ಸರದಾರ ಮಹಾಂತಪ್ಪ' ಎಂದು ಮೇಲೆ ಬರೆದಿದ್ದರು. ಕೇರಿಯ ಹಿರಿಯ ಸೋಮಪ್ಪ ಪರಶುವಿನ ಮನೆಬಾಗಿಲಿಗೇ ಬಂದು ಕೇಳಿದ: "ಯಾಕೋ, ಟವೆಲ್ಲ ಇಟ್ಕೋರಿ ಅಂತ ಅಂಗಲಾಚಿದ್ಯಂತ? ನಾಚಿಕಿ ಬರಲಿಲ್ಲೇನೋ ನಿನಗ?"

ವಿಕೆಟ್ಟು ನಡುವೆ ಕಾಣದ್ದಕ್ಕೆ ಪರಶುವಿನ ಮಳಿಗೆ ಹೋಗಿತ್ತು. ಮನೆಗೆ ತಂದ ಅಂಗಡಿಯ ಸಾಮಾನು ಇಳಿಸಲು ಅವನಿಗೆ ಒಂದು ಕೈ ಬೇಕಿತ್ತು. ಬಂದವನು ಬೈದೇ ಹೋದ. ಅತ್ತ ಬಸ್‌ಸ್ಟ್ಯಾಂಡಿನ ಹಿಂದೆ ಮೂಗಿಗೆ ಪಟ್ಟಿ ಕಟ್ಟಿಕೊಂಡ ಅಂದಾನೆಪ್ಪ ಆಗಲೇ ನಡುಗೋಡೆ ಒಡೆಸುತ್ತಿದ್ದ. ಮಹಾಂತಪ್ಪ ಮುಂದೆ ನಿಂತು, ಹೊಸ ಟವೆಲ್ಲಿನಿಂದ ಹಣೆಯನ್ನು ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಿದ್ದರು.