ಹೂಗ್ಯಂ ಸೇತುವೆಯ ವಿದೇಶ ಸೇವೆ

೧೯೬೬ರಲ್ಲಿ ವಿಶ್ವ ಸೌಹಾರ್ದ ಮಂಡಳಿಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಅದರಲ್ಲಿ ನಮ್ಮ ದೇಶವೇ ಕೂರತಕ್ಕದ್ದೆಂದು ನಮ್ಮ ದೇಶ ತೀರ್ಮಾನಿಸಿತ್ತು. ಕಡಿಮೆ ಬಿದ್ದದ್ದು ಒಂದೇ ಮತ. ಅದು ಸಂಬೋಲ ಎಂಬ ದ್ವೀಪದ ಕೈಯಲ್ಲಿತ್ತು. ಆ ದ್ವೀಪದ ರಾಯಭಾರಿಗೆ ಆನೆ ನೋಡುವ ಆಸೆಯಿದ್ದುದರಿಂದ ಮಾರ್ಚಿನಲ್ಲಿ ಅವರನ್ನು ಕೊಳ್ಳೇಗಾಲದ ಮೇಲೆ ಹಾದು ಹೂಗ್ಯಂ ಎಂಬ ಕಾಡಂಚಿನ ಊರಿಗೆ ಕರೆತರಲಾಯಿತು. ಆನೆಗಳು ಸಹಕರಿಸಲಿಲ್ಲ.

ಊರ ಹಳ್ಳದ ದಡದಲ್ಲಿ ಕಬ್ಬಿಣದ ಸೇತುವೆಯೊಂದು ಬಿಡಿಬಿಡಿಯಾಗಿ ಬಿದ್ದಿತ್ತು. ಒಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ಬಂದದ್ದು, ಜೋಡಿಸುವುದೊಂದು ಬಾಕಿ. ಆಸ್ಪತ್ರೆ ಹಳ್ಳದ ಆಚೆ. ಹಿಂದಿನ ಮಳೆಗಾಲದಲ್ಲಿ ಊರಿನ ಮುದುಕಿ ಪುಟ್ಟಮಲ್ಲಮ್ಮನ ಹಿರಿಸೊಸೆಯನ್ನು ಹೆರಿಗೆ ನೋವಿನಲ್ಲಿ ಹೊತ್ತು ದಾಟಿಸುವಾಗ ನಡುನೀರಿನಲ್ಲೇ ಉಸಿರು ನಿಂತಿತ್ತು. ಹೇಳಲು ಕಡತ ಬರೆಯುವ ನನಗೂ ಸಂಕಟವೇ, ಆದರೆ ಕಡತದಲ್ಲಿ ಸಂಕಟಕ್ಕೆ ಕಾಲಂ ಇಲ್ಲ. ಈಗ ಕಿರಿಸೊಸೆಗೆ ಮೂರು ತಿಂಗಳು. ಮುದುಕಿ ದಿನಾ ಬಂದು ಆ ಕಬ್ಬಿಣವನ್ನು ಮುಟ್ಟಿ ನೋಡಿ ಹೋಗುತ್ತಿದ್ದಳು.

ಅತಿಥಿ ಸತ್ಕಾರ ಪಂಚಾಯಿತಿ ಚೇರ್ಮನ್ ದೊಡ್ಡಮಾದಪ್ಪನವರ ಪಾಲಿಗೆ ಬಂತು. ಮತ ಕೇಳುವುದಕ್ಕೆ ಅವರು ಬಲ್ಲದ್ದು ಊರಿನ ಪದ್ಧತಿ ಒಂದೇ. ಎಲೆ ಅಡಿಕೆ ಮುಂದಿಟ್ಟು, ಬೆಟ್ಟದ ದೇವರು ಮಾದಪ್ಪನ ಆಣೆಯಿಟ್ಟು, ಏನು ಬೇಕೆಂದು ಕೇಳಬೇಕು. ಎಲೆ ಎತ್ತಿಕೊಂಡ ಮತದಾರ ಕೇಳಿದ್ದನ್ನು ಕೊಡಲೇಬೇಕು. ಸಾಧಾರಣವಾಗಿ ಒಂದು ಪಂಚೆ ಕೇಳುತ್ತಾರೆ, ಆಸೆಬುರುಕನಾದರೆ ಎರಡು.

"ಎಲೆ ಎತ್ಕಳಿ ಸಾ. ಏನ್ ಬೇಕು ಕೇಳಿ, ಮಾದಪ್ಪನಾಣೆ ಕೊಡ್ತೀವಿ" ಎಂದರು ದೊಡ್ಡಮಾದಪ್ಪ.

ದುಭಾಷಿ ಅದನ್ನು ಚಾಚೂ ತಪ್ಪದೆ ತಿಳಿಸಿದ. ರಾಯಭಾರಿ ಎಲೆ ಎತ್ತಿಕೊಂಡು ಸೇತುವೆಯ ಕಡೆ ಕೈ ತೋರಿಸಿದರು.

"ಅದು ನಮ್ದು ಕಣ್ ಸಾ! ನನ್ ಸೊಸೆ ದಾಟಕೆ ಬಂದಿರದು" ಎಂದು ಪುಟ್ಟಮಲ್ಲಮ್ಮ ಅಡ್ಡ ಬಂದಳು.

ಬಿ.ಡಿ.ಓ. ಗುರುಸಿದ್ದಯ್ಯನವರು ಸಮಾಧಾನವಾಗಿ ಕೇಳಿದರು: "ನಿಮ್ಮ ಸೊಸೆಗೆ ಮಂಡಳಿಯಲ್ಲಿ ಮತ ಇದೆಯೇನಮ್ಮ?"

"ಇಲ್ಲ ಸಾ."

"ಮತ್ತೆ?"

ಬರಲು ಒಂಬತ್ತು ವರ್ಷ ಹಿಡಿದ ಸೇತುವೆ ಒಂಬತ್ತನೇ ದಿನ ಮದರಾಸಿನಲ್ಲಿ ಹಡಗು ಹತ್ತಿತು. ಚಾವಡಿಯ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು: "ಹೂಗ್ಯಂ ಸೇತುವೆಯು ವಿದೇಶ ಸೇವೆಗೆ ತೆರಳಿರುವುದರಿಂದ, ಹಳ್ಳ ದಾಟುವ ಸಾರ್ವಜನಿಕರು ಸೇತುವೆ ಇರುವಂತೆಯೇ ಭಾವಿಸಿ ದಾಟತಕ್ಕದ್ದು. ನೀರಿನಲ್ಲಿ ನಿಂತು ದೇಶದ ಮರ್ಯಾದೆಗೆ ಕುಂದು ತರುವ ಮಾತನಾಡಕೂಡದು." ಜೂನ್ ತಿಂಗಳಲ್ಲಿ ನಮ್ಮ ದೇಶ ಒಂದು ಮತದಿಂದ ಗೆದ್ದಿತು. ಶಾಲೆಯಲ್ಲಿ ಪೆಪ್ಪರ್‌ಮಿಂಟು ಹಂಚಿದರು.

ಆಗಸ್ಟಿನಲ್ಲಿ ಗುರುಸಿದ್ದಯ್ಯನವರು ಜೀಪನ್ನು ಆಚೆ ದಡದಲ್ಲಿ ನಿಲ್ಲಿಸಿ, ಷರಾಯಿ ನೆನೆಸಿಕೊಂಡು ಬಂದು ಸಭೆ ಕರೆದರು. ಸಂಬೋಲದಿಂದ ಕಾಗದ ಬಂದಿತ್ತು. ಆ ದ್ವೀಪದಲ್ಲಿ ಹೊಳೆಯಾಗಲಿ ಹಳ್ಳವಾಗಲಿ ಇಲ್ಲ. ಮರಳಿನ ಮೇಲೆ ನಿಲ್ಲಿಸಿದ ಸೇತುವೆ ನೋಡಲು ಅಂದವಾಗಿಲ್ಲ. ಆದ ಕಾರಣ ಅದರ ಹಳ್ಳವನ್ನೂ ಕಳಿಸಿಕೊಟ್ಟಲ್ಲಿ ಮುಂದಿನ ಚುನಾವಣೆಯಲ್ಲೂ ಮತ ಖಚಿತ. ಸರ್ಕಾರ ತಾತ್ವಿಕವಾಗಿ ಒಪ್ಪಿದೆ; ಹಳ್ಳ ಬಿಟ್ಟುಕೊಡಲು ಗ್ರಾಮಸ್ಥರ ತಕರಾರಿಲ್ಲವೆಂಬ ಪತ್ರ ಮೂರು ಪ್ರತಿ ಬೇಕು.

"ಹಳ್ಳನೇ ಹೋದ್ಮೇಲೆ ಸೇತ್ವೆ ಯಾಕ್ ಬೇಕು? ಬರ್ಕಳಿ ಸಾ" ಎಂದರು ದೊಡ್ಡಮಾದಪ್ಪ. ಎಲ್ಲರೂ ತಲೆದೂಗಿದರು.

ಪುಟ್ಟಮಲ್ಲಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಸೊಸೆಗೆ ಆಗ ಎಂಟು ತುಂಬಿತ್ತು.

"ಬರೋ ತಿಂಗ್ಳೊಳಗೆ ತಕಂಡೋಯ್ತಿರಾ ಸಾ?"

"ಕಾಗದ ಬೇಗ ಮೇಲೆ ಹೋದರೆ ಆಗಬಹುದಮ್ಮ."

ಅವಳು ಮೂರೂ ಪ್ರತಿಗೆ ಹೆಬ್ಬೆಟ್ಟು ಒತ್ತಿದಳು. ಸಾಲದೆಂದು ಸೊಸೆಯ ಕೈ ಹಿಡಿದು ಅವಳದನ್ನೂ ಒತ್ತಿಸಿದಳು. ಆಮೇಲೆ ಕಾಗದ ನೆನೆಯಬಾರದೆಂದು ತಾನೇ ಅದನ್ನು ತಲೆಯ ಮೇಲೆ ಹೊತ್ತು, ಸೊಂಟಮಟ್ಟದ ನೀರಿನಲ್ಲಿ ಸಾಹೇಬರ ಮುಂದೆ ಮುಂದೆ ನಡೆದಳು.